ಖಾಲಿ ಎಂದ ಡಿಸ್ಕು

ಸಯನ್‌ನ ನಮ್ಮ ಹಳೇ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ಗೊತ್ತಾದಾಗ, ಎಲ್ಲ ಮನೆಗಳ ಕಾಗದಪತ್ರ ಸ್ಕ್ಯಾನ್ ಮಾಡಿ ಡಿಸ್ಕೊಂದರಲ್ಲಿ ಇಟ್ಟವಳು ನನ್ನ ಸೊಸೆ. ಅವಳು ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ. ಆ ಕೆಲಸ ಯಾರಿಗೂ ಬೇಡವಾಗಿತ್ತು. ಇವಳಿಗೆ ಇಲ್ಲ ಅನ್ನಲು ಬರುವುದಿಲ್ಲ. ನನಗೆ ಮಾತ್ರ ಚೆನ್ನಾಗಿ ಅನ್ನುತ್ತಾಳೆ.

ಉಳಿದವರ ಅಸಲು ಕಾಗದ ಅವರವರ ಕಪಾಟಿನಲ್ಲಿತ್ತು. ಗ್ರೌಂಡ್ ಫ್ಲೋರಿನ ನನ್ನ ಗೆಳತಿಯದು ಇರಲಿಲ್ಲ. ಉಡುಪಿ ಕಡೆಯವಳು, ಹೋಟೆಲಿನಲ್ಲಿ ಹಿಟ್ಟು ರುಬ್ಬಿ ರುಬ್ಬಿಯೇ ವಯಸ್ಸಾದವಳು. ಹಿಂದಿನ ಮಳೆಗಾಲ ಗಟಾರದ ನೀರು ಅವಳ ಮಂಚದ ಮಟ್ಟಕ್ಕೆ ಬಂದು, ಟ್ರಂಕಿನಲ್ಲಿದ್ದ ಮನೆಯ ಕರಾರುಪತ್ರ ಗಂಜಿಯಾಗಿತ್ತು. ಉಳಿದದ್ದು ನಮ್ಮ ಡಿಸ್ಕಿನಲ್ಲಿದ್ದ ನಕಲು ಒಂದೇ. ಹೊಸ ಬಿಲ್ಡಿಂಗಿನಲ್ಲಿ ಅವಳಿಗೆ ಮನೆ ಸಿಗಬೇಕಾದರೆ ಡಿಸ್ಕು ಕೈಕೊಟ್ಟ ಮರುದಿನವೇ ಹನ್ನೊಂದಕ್ಕೆ ಆ ನಕಲನ್ನು ಬಿಲ್ಡರನ ಆಫೀಸಿನಲ್ಲಿ ಕೊಡಬೇಕಿತ್ತು.

ನಮ್ಮ ಮನೆಯಲ್ಲೇ ಇದ್ದ ಸೊಸೈಟಿಯ ಕಂಪ್ಯೂಟರು ದೀಪ ಹೊತ್ತಿಸಿಯೂ ಮುಂದೆ ಹೋಗದೆ ನಿಲ್ಲುತ್ತಿದ್ದರಿಂದ ಸೊಸೆ ಅದರ ಹಳೇ ಸಿಸ್ಟಮ್ ತೆಗೆದು ಲಿನಕ್ಸ್ ಹಾಕಲು ಹೊರಟಿದ್ದಳು. ನಾಲ್ಕು ಟಿಬಿಯ ಆ ದೊಡ್ಡ ಡಿಸ್ಕು ಅಲ್ಲಿಯವರೆಗೆ ಹೊರಗೆ, ಕರಿ ಡಬ್ಬಿಯೊಂದರಲ್ಲಿ ಇರುತ್ತಿತ್ತು. ಡಬ್ಬಿಗೆ ವೈರು ಸಿಕ್ಕಿಸುವ ಜಾಗ ಸಡಿಲವಾಗಿತ್ತು. ಆ ದಿನ ಬೆಳಿಗ್ಗೆ ಅವಳು ಡಬ್ಬಿ ಬಿಚ್ಚಿ, ಡಿಸ್ಕನ್ನು ತೆಗೆದು ಕಂಪ್ಯೂಟರಿನ ಹೊಟ್ಟೆಯೊಳಗೇ ಕೂರಿಸಿದಳು. ಖಾಲಿ ಡಬ್ಬಿ ಮೇಜಿನ ಮೇಲೆ ಉಳಿಯಿತು. ಅಷ್ಟರಲ್ಲಿ ರದ್ದಿವಾಲ ಬಂದ. ಪೇಪರಿನ ಜೊತೆ ಅದನ್ನೂ ಕೊಟ್ಟೆ. ತೂಕವೇ ಇಲ್ಲ ಅಂದ. ಅವನು ತಕ್ಕಡಿ ಸರಿಮಾಡುವಾಗ ಅದರೊಳಗೆ ಒಂದು ಒದ್ದೆ ಪೇಪರು ತುರುಕಿದೆ.

ಮಧ್ಯಾಹ್ನ ಮೂರಕ್ಕೇ ಮೋಡ ಇಳಿದು ಮನೆಯೊಳಗೆ ದೀಪ ಹಾಕಬೇಕಾಯಿತು. ಸೊಸೆ ಪರದೆಯ ಮುಂದೆ ಅಲ್ಲಾಡದೆ ಕೂತಿದ್ದಳು.

"ಅಮ್ಮಾ, ಡಿಸ್ಕ್ ಖಾಲಿ ಅಂತ ದಿಖಾಯಿಸ್ತಾ ಇದೆ. ಪೂರಾ ಖಾಲಿ."

"ಹೆಂಗಾಗತ್ತೆ? ನಿನ್ನೆ ತುಂಬಿತ್ತಲ್ಲ."

"ಹೊಸದಾಗಿ ಪಾರ್ಟಿಶನ್ ಮಾಡ್ಲಾ ಅಂತ ಪೂಛ್ತಾ ಇದೆ. ಹಾಂ ಅಂದ್ರೆ ಸಬ್ ಗಯಾ, ಎಲ್ಲಾ ಅಳಿಸಿ ಹೋಗತ್ತೆ."

ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದಳು. ಜಾಗ ಬದಲಿಸಿದಳು. ಡಿಸ್ಕಿನ ಗಾತ್ರ ನಾಲ್ಕು ಟಿಬಿ ಎಂದು ಯಂತ್ರ ಸರಿಯಾಗಿಯೇ ಹೇಳುತ್ತಿತ್ತು. ಒಳಗೇನಿದೆ ಎಂದರೆ ಏನೂ ಇಲ್ಲ ಅನ್ನುತ್ತಿತ್ತು. ಮೂರನೇ ಸಲವೂ ಅದೇ ಪ್ರಶ್ನೆ ಬಂತು. ಕತ್ತು ಕೊಯ್ಯಲು ಅಪ್ಪಣೆ ಕೇಳುವವನಿಗೆ ಇರಬೇಕಾದಷ್ಟು ವಿನಯ ಅದಕ್ಕಿತ್ತು.

ಸೊಸೆ ಎರಡೂ ಕೈಯಲ್ಲಿ ಕೇಬಲ್ ಹಿಡಿದುಕೊಂಡೇ ಇದ್ದಳು. ಹಾಗಾಗಿ ಅವಳು ಹೇಳಿದ್ದನ್ನು ನಾನೇ ಫೋನಿನಲ್ಲಿ, ಒಂದೇ ಬೆರಳಿನಲ್ಲಿ ಒತ್ತಿ, ಲಿನಕ್ಸ್ ಬಲ್ಲವರ ಗುಂಪೊಂದಕ್ಕೆ ಕಳಿಸಿದೆ. ಅರ್ಧ ಗಂಟೆಗೆ ಯಾರೋ ಪುಣ್ಯಾತ್ಮರು ಉತ್ತರಿಸಿದರು. ಡಿಸ್ಕು ಮೊದಲು ಡಬ್ಬಿಯಲ್ಲಿತ್ತೇ? ಹಾಗಿದ್ದರೆ ಯಾವುದಕ್ಕೂ ಹೂಂ ಅನ್ನಬೇಡಿ. ಕೆಲವು ಡಬ್ಬಿಗಳು ದೊಡ್ಡ ಡಿಸ್ಕನ್ನು ಬೇರೆ ಅಳತೆಯಲ್ಲಿ ಓದುತ್ತವೆ. ಡಬ್ಬಿ ಸೇರಿನಲ್ಲಿ ಅಳೆದು ಬರೆದ ಲೆಕ್ಕವನ್ನು ಕಂಪ್ಯೂಟರು ಪಾವಿನಲ್ಲಿ ಹುಡುಕುತ್ತಿತ್ತು ಎಂದು ನಾನು ಅರ್ಥಮಾಡಿಕೊಂಡೆ. ಡಿಸ್ಕನ್ನು ಮತ್ತೆ ಅದೇ ಡಬ್ಬಿಗೆ ಹಾಕಿದರೆ ಎಲ್ಲ ಕಾಣುತ್ತದಂತೆ.

"ಬಚ್ ಗಯೇ," ಎಂದು ಸೊಸೆ ಉಸಿರು ಬಿಟ್ಟಳು. "ಡಬ್ಬಿ ಕೊಡಿ."

"ಇಲ್ಲೇ ಇರಬೇಕು ನೋಡು," ಎಂದು ನಾನು ಮೇಜಿನ ಕೆಳಗೆ ಬಗ್ಗಿದೆ. ಅಲ್ಲಿಲ್ಲವೆಂದು ಗೊತ್ತಿತ್ತು. ಆದರೂ ಅಲ್ಲೇ ತಡಕುತ್ತಿದ್ದೆ.

ಆಗಲೇ ಗೆಳತಿ ಮೆಟ್ಟಿಲು ಹತ್ತಿ ಬಂದಳು. ಕಾಗದ ನೆನೆಯದಿರಲೆಂದು ಪ್ಲಾಸ್ಟಿಕ್ ಕವರು ತಂದಿದ್ದಳು.

"ನನ್ನ ಕಾಗದ ತೆಗ್ದಿಟ್ಯಾ ಮಾರಾಯ್ತಿ? ನೀ ಅಲ್ಲಿ ಅಡಿಯಲ್ಲಿ ಎಂತ ಮಾಡ್ತಿ?"

ಮೇಲೆದ್ದು ಹೇಳಿದೆ. ಡಬ್ಬಿ ರದ್ದಿಗೆ ಹೋಯಿತೆಂದು, ಕೊಟ್ಟವಳು ನಾನೆಂದು. ಒದ್ದೆ ಪೇಪರಿನ ಸಂಗತಿ ಹೇಳಲಿಲ್ಲ.

ಸೊಸೆ ತಕ್ಷಣ ರದ್ದಿವಾಲನಿಗೆ ಫೋನ್ ಮಾಡಿದಳು. "ಟೆಂಪೋ ಕುರ್ಲ್ಯಾಲಾ ಗೆಲಾ ಮ್ಯಾಡಮ್," ಅಂದ. ಕುರ್ಲಾದ ಗುಜರಿಗೆ ಹೋದ ಪ್ಲಾಸ್ಟಿಕ್ ಸಂಜೆಯೊಳಗೆ ಪುಡಿ. ಅದು ಮೂವರಿಗೂ ಗೊತ್ತಿತ್ತು.

ಗೆಳತಿ ನಿಂತೇ ಇದ್ದಳು. ಕೂರು ಅಂದರೆ ಕೂರಲಿಲ್ಲ. "ನೀರು ತಕೊಂಡು ಹೋದಾಗ ಯಾರನ್ನೂ ಬೈಲಿಕ್ಕೆ ಆಗ್ಲಿಲ್ಲ," ಎಂದಳು.

ಡಬ್ಬಿ ಇಲ್ಲದಿದ್ದರೆ ಏನು ಮಾಡಬೇಕು ಎಂದು ಮತ್ತೆ ಬರೆದೆ. ಬೆರಳು ಎರಡು ಸಲ ತಪ್ಪಿತು. ಉತ್ತರ ಬರುವವರೆಗೆ ಮೂವರೂ ಫೋನಿನ ಕಡೆ ನೋಡುತ್ತಿದ್ದೆವು. ಕೊನೆಗೆ ಎರಡು ಸಾಲು ಬಂದವು: ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಡಿಸ್ಕಿಗೆ ಏನನ್ನೂ ಬರೆಯದೆ, ದೊಡ್ಡ ಅಳತೆಯಲ್ಲಿ ಓದು ಎಂದು ಹೇಳುವ ಆಜ್ಞೆಗಳು. ನಾನು ಒಂದೊಂದೇ ಅಕ್ಷರ ಓದಿದೆ, ಸೊಸೆ ಒತ್ತಿದಳು. ಮೊದಲ ಸಲ ಏನೂ ಆಗಲಿಲ್ಲ. ನಾನು ಒಂದು ಸೊನ್ನೆ ನುಂಗಿದ್ದೆ. ಎರಡನೇ ಸಲ ಫೋಲ್ಡರುಗಳು ಒಂದರ ಕೆಳಗೊಂದು ಬಂದವು. ಗೆಳತಿಯ ಕರಾರುಪತ್ರ ತೆರೆಯಿತು. ಅವಳ ಹೆಬ್ಬೆಟ್ಟಿನ ಗುರುತು ಪರದೆಯ ತುಂಬ ಇತ್ತು.

ಅವಳು ನಗಲಿಲ್ಲ.

"ನಾಲ್ಕು ಪ್ರಿಂಟ್ ಹಾಕು," ಎಂದಳು ಸೊಸೆಗೆ. ಒಂದನ್ನು ನಾನು ಇಟ್ಟುಕೊಳ್ಳಲು ಕೈಚಾಚಿದೆ. ಗೆಳತಿ ನಾಲ್ಕನ್ನೂ ತನ್ನ ಕವರಿಗೆ ಹಾಕಿದಳು. "ಬೇಡ ಮಾರಾಯ್ತಿ. ಇನ್ನು ನನ್ನತ್ರವೇ ಇರ್ಲಿ."

ಬಿಲ್ಡರನ ಆಫೀಸಿಗೆ ಇಬ್ಬರೂ ಸೇರಿ ಹೋಗುವುದೆಂದು ಮಾತಾಗಿತ್ತು. ಮರುದಿನ ಹತ್ತಕ್ಕೆ ಸೀರೆಯುಟ್ಟು ಕೆಳಗಿಳಿದೆ. ಅವಳ ಬಾಗಿಲಿಗೆ ಬೀಗ ಬಿದ್ದಿತ್ತು.

ಅವಳ ಹೆಸರು ಹೊಸ ಮನೆ ಸಿಗುವವರ ಪಟ್ಟಿಗೆ ಸೇರಿತು. ನನಗೆ ಹೇಳಿದ್ದು ಸೊಸೆ. ಬಿಲ್ಡಿಂಗ್ ಖಾಲಿ ಮಾಡುವ ನೋಟಿಸು ಈಗ ಗೇಟಿನಲ್ಲಿ ತೂಗುತ್ತಿದೆ. ಹೊಸದರಲ್ಲಿ ಅವಳು ಯಾವ ಮಹಡಿ ಕೇಳಿದ್ದಾಳೋ ನನಗೆ ಗೊತ್ತಿಲ್ಲ.