ಮಾರ್ಗರೆಟಮ್ಮನ ಮೂಕಿ ಮಾತು

ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ರಮಾಮಣಿಯ ಪಕ್ಕದ ಮನೆಯ ಮಾರ್ಗರೆಟಮ್ಮ, ತೊಂಬತ್ತೈದು ತುಂಬಿದ್ದರೂ ಲಿಪ್‌ಸ್ಟಿಕ್ ಹಚ್ಚದೆ ಬಾಗಿಲು ತೆರೆದವಳಲ್ಲ. ಅರಸೀಕೆರೆಯಲ್ಲಿ ಇಂಗ್ಲಿಷ್ ರೈಲ್ವೆ ಇಂಜಿನಿಯರನ ಮಗಳಾಗಿ ಹುಟ್ಟಿ, ಕನ್ನಡದ ಆಯಾಳ ಸೊಂಟದ ಮೇಲೆ ಬೆಳೆದು, ಹತ್ತನೇ ವಯಸ್ಸಿಗೆ ಲಂಡನ್ನಿಗೆ ಹೋದಾಕೆ. ಹದಿನೆಂಟಕ್ಕೆ ಮೂಕಿ ಸಿನಿಮಾಗಳಲ್ಲಿ ಗುಂಪಿನ ನಡುವೆ ನಿಲ್ಲುವ ಕೆಲಸ ಸಿಕ್ಕಿತು. ಒಮ್ಮೆ ಹೆಸರಾಂತ ನಾಯಕಿ ಚಿತ್ರೀಕರಣದ ಶುರುವಿನಲ್ಲೇ ಕೈಕೊಟ್ಟಾಗ, ಆಕೆಯಂತೆಯೇ ಬಣ್ಣ ಬಳಿದುಕೊಂಡು ಇಡೀ ಪಾತ್ರವನ್ನು ಇವಳೇ ಮಾಡಿದಳು. ಕುದುರೆಯಿಂದ ಬಿದ್ದು ಕೈ ಮುರಿದರೆ, ಮುರಿದ ಕೈಯನ್ನು ಶಾಲಿನಲ್ಲಿ ಮುಚ್ಚಿಕೊಂಡು ಮರುದಿನವೇ ಕ್ಯಾಮೆರಾ ಮುಂದೆ ನಿಂತಳು. ಗಟ್ಟಿಗಿತ್ತಿ! ಪೋಸ್ಟರಿನಲ್ಲಿ ಮಾತ್ರ ಆ ನಾಯಕಿಯ ಹೆಸರೇ ಬಿತ್ತು. ಗೆದ್ದಲು ಕಟ್ಟಿದ ಹುತ್ತ, ಸೇರಿಕೊಂಡದ್ದು ಹಾವು, ಇನ್ನೇನು! ಟಾಕಿ ಬಂದ ಮೇಲೆ ಆಕೆ ನ್ಯೂಜೆರ್ಸಿಗೆ ಬಂದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದಳು. "ಆ ಸಿನಿಮಾದಲ್ಲಿರುವುದು ನಾನು" ಎಂದಾಗಲೆಲ್ಲ ಜನ ನಕ್ಕು ಸುಮ್ಮನಾಗುತ್ತಿದ್ದರು.

ರಮಾಮಣಿ ಮಾತ್ರ ನಂಬಿದ್ದಳು. ಹನ್ನೆರಡನೇ ವಯಸ್ಸಿನಲ್ಲಿ ಜ್ವರಕ್ಕೆ ಎರಡೂ ಕಿವಿ ಕಳೆದುಕೊಂಡು, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುವವಳು ಅವಳು. ಸುಳ್ಳಾಡುವ ಬಾಯಿ ಹೇಗಿರುತ್ತದೆಂದು ಅವಳಿಗೆ ಬೇರೆ ಹೇಳಿಕೊಡಬೇಕೆ?

೧೯೯೮ರ ಒಂದು ಶನಿವಾರ ಲೈಬ್ರರಿಯಲ್ಲಿ ಆ ಹಳೆಯ ಸಿನಿಮಾ ಹಾಕಿದರು. ರಮಾಮಣಿಯ ಮಗಳು ರಾಜಿ, ಎರಡು ಸಾವಿರದ ಇಸವಿಗೆ ಕಂಪ್ಯೂಟರುಗಳನ್ನು ಸಜ್ಜುಮಾಡುವ ವೈಟೂಕೆ ಕೆಲಸದಲ್ಲಿ ಉಸಿರಾಡಲೂ ಪುರಸೊತ್ತಿಲ್ಲದವಳು, ರಜೆ ಹಾಕಿ ಇಬ್ಬರನ್ನೂ ಕರೆದೊಯ್ದಳು. ಸಿನಿಮಾ ತೋರಿಸುವ ಮೇಷ್ಟ್ರು ಮಾರ್ಗರೆಟಮ್ಮನ ಮಾತನ್ನು ಮರ್ಯಾದೆಯಿಂದಲೇ ಕೇಳಿ, "ಪುರಾವೆ ಇದ್ದರೆ ಹೆಸರು ತಿದ್ದುತ್ತೇನೆ" ಎಂದರು. ಮುದುಕಿಯ ಮುಖ ಬಾಡಿತು. "ಇನ್ನು ನಾನು ಯಾರನ್ನೂ ಕೇಳುವುದಿಲ್ಲ" ಎಂದು ಹೋಗಿ ಕೂತಳು.

ಪರದೆಯ ಮೇಲೆ ನಾಯಕ ಮಂಡಿಯೂರಿದ. ನಾಯಕಿ ಕಣ್ಣು ತುಂಬಿಕೊಂಡು ಏನೋ ಅಂದಳು; "ನನ್ನ ಪ್ರಾಣವೂ ನಿನ್ನದೇ" ಎಂದು ಅಕ್ಷರ ಮೂಡಿತು. ರಮಾಮಣಿ ಗೊಳ್ಳೆಂದು ನಕ್ಕುಬಿಟ್ಟಳು. ಎಲ್ಲರೂ ತಿರುಗಿ ನೋಡಿದರು, ರಾಜಿ ಕೈ ಜಗ್ಗಿದಳು.

"ಜಗ್ಗಬೇಡ್ವೇ! ಅವಳು ಆಡ್ತಿರೋದು ಕನ್ನಡ ಕಣೇ!"

ಚೀಟಿಯಲ್ಲಿ ಏನೋ ಗೀಚಿ, ಮಡಿಸಿ ಮಗಳ ಕೈಗಿತ್ತಳು. "ಇದನ್ನ ಈಗ್ಲೇ ಬಿಚ್ಚಬೇಡ. ಅಲ್ಲಿ ಏನಂದ್ರಿ ಅಂತ ಮೊದಲು ಅವರನ್ನೇ ಕೇಳು."

ಸಿನಿಮಾ ಮುಗಿದ ಮೇಲೆ ರಾಜಿ ಮೇಷ್ಟ್ರ ಎದುರಿಗೇ ಕೇಳಿದಳು. ಮಾರ್ಗರೆಟಮ್ಮ ಹುಡುಗಿಯಂತೆ ನಾಚಿದಳು. ಆ ನಾಯಕ ದಿನವೂ ಈರುಳ್ಳಿ ತಿಂದು ಮೈಮೇಲೆ ಬೀಳುತ್ತಿದ್ದನಂತೆ. ಸಿಟ್ಟಿಗೆ ಆಯಾಳ ಬೈಗುಳವೇ ಬಾಯಿಗೆ ಬಂತಂತೆ. ಕನ್ನಡ ಮರೆತು ಎಷ್ಟೋ ಕಾಲವಾಗಿತ್ತು. ಕಣ್ಣು ಮುಚ್ಚಿ, ತಡವರಿಸುತ್ತಾ ಅಂದಳು:

"ನಿನ್ ಮುಖಕ್ಕೆ... ಮಂಗ್ಳಾರ್ತಿ ಎತ್ತ!"

ರಾಜಿ ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದಳು. ಒಂದಕ್ಷರವೂ ಆಚೀಚೆ ಇರಲಿಲ್ಲ.

ಮೇಷ್ಟ್ರು ಅರ್ಥ ಕೇಳಿ ತಿಳಿದುಕೊಂಡರು. ಆಮೇಲೆ ಕೈಲಿದ್ದ ನಟರ ಪಟ್ಟಿಯಲ್ಲಿ ಆ ನಾಯಕಿಯ ಹೆಸರು ಹೊಡೆದುಹಾಕಿ, ಮಾರ್ಗರೆಟಮ್ಮನ ಪೂರ್ತಿ ಹೆಸರು ಕೇಳಿದರು. ಆಕೆ ಅತ್ತ ನೋಡಲೇ ಇಲ್ಲ. ರಮಾಮಣಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ತುಟಿ ಕಾಣುವಂತೆ ನಿಧಾನವಾಗಿ ಇಂಗ್ಲಿಷಿನಲ್ಲಿ ಕೇಳಿದಳು: "ನನ್ನ ಮಾತು ನಿನಗೆ ಕೇಳಿಸಿತಾ?"

ರಮಾಮಣಿಗೆ ಅಳು ಒತ್ತರಿಸಿ ಬಂತು. "ಕೇಳಿಸ್ತು ತಾಯಿ," ಅಂದಳು, "ಚೆನ್ನಾಗಿ ಕೇಳಿಸ್ತು."