ಅಕ್ಕನ ಹಾಡಿಗೆ ದೊಡ್ಡಪ್ಪ ಹೇಳಿದ ಅರ್ಥ

ಆಗಿನ್ನೂ ಮೊಬೈಲಿನ ಪುಟ್ಟ ಕಾರ್ಡಿಗೆ ಅಂಗಡಿಯವರು ಹಾಡು ತುಂಬಿಸಿಕೊಡುತ್ತಿದ್ದ ಕಾಲ. ನಿಮ್ಮ ಮನೆಯಲ್ಲೂ ಅಂಥದೊಂದು ಗುಂಡಿ ಒತ್ತುವ ಫೋನು ಇದ್ದಿರಬಹುದು. ಮಟಕಿ ಊರಿನ ನಮ್ಮ ಮನೆಯಲ್ಲಿ ಅದು ಸುನಂದಕ್ಕನ ಕೈಯಲ್ಲಿರುತ್ತಿತ್ತು. ಅಕ್ಕ ದಿನಾ ಬಸ್ಸು ಹತ್ತಿ ಆಳಂದಕ್ಕೆ ಪಿಯುಸಿ ಓದಲು ಹೋಗುತ್ತಿದ್ದಳು. ಆ ವರ್ಷದ ಮಳೆಗಾಲದಲ್ಲಿ ಅವ್ವ ಜ್ವರ ಬಂದು ತೀರಿಕೊಂಡಿದ್ದಳು.

ಚಳಿಗಾಲಕ್ಕೆ ತೊಗರಿ ರಾಶಿ ಶುರುವಾಯಿತು. ಓಣಿಯ ತುಂಬ ಹೊಟ್ಟಿನ ವಾಸನೆ, ಮೈಯೆಲ್ಲ ತುರಿಕೆ. ಸಂಜೆಯಾದರೆ ನಾವಿಬ್ಬರೂ ಪಕ್ಕದ ಮನೆಯ ಖಾಜಾಬಿ ಖಾಲಾನ ಒಲೆಯ ಮುಂದೆ. ನಾನು ಹುಣಸೆ ಬೀಜ ಹಾಕಿ ಚೌಕಾಬಾರಾ ಆಡುತ್ತಿದ್ದೆ. ಅಕ್ಕ ಒಂದೇ ಹಿಂದಿ ಹಾಡನ್ನು ತಿರುಗಿ ತಿರುಗಿ ಹಚ್ಚಿ ತಿಳಿಯದ ಮಾತಿಗೆಲ್ಲ ಅರ್ಥ ಕೇಳುತ್ತಿದ್ದಳು. ಖಾಲಾನ ಮನೆಮಾತು ಉರ್ದು; ಖಾಲಾ ಎಂದರೆ ಚಿಗವ್ವ. ಸಜ್ಜೆ ರೊಟ್ಟಿ ಬಡಿಯುತ್ತಲೇ ಬಿಡಿಸಿ ಹೇಳುತ್ತಿದ್ದಳು.

"ಖಾಲಾ, ಸೂನಾ ಅಂದ್ರ ಏನ್ರಿ?"

"ಯಾರೂ ಇಲ್ದಂಗ ಬೇ. ಮನಿ ತುಂಬ ಮಂದಿ ಇದ್ರೂ ಒಬ್ರು ಇಲ್ಲಂದ್ರ ಹಂಗ ಆಗ್ತದ ನೋಡು."

ಅಕ್ಕ ಮೊಣಕಾಲಲ್ಲಿ ಮುಖ ಹುದುಗಿಸಿದಳು. ಖಾಲಾ ಹಿಟ್ಟಿನ ಕೈಯಲ್ಲೇ ಅವಳ ಬೆನ್ನು ಸವರಿದಳು.

ಒಂದು ದಿನ ನಮ್ಮ ಮನೆಗೆ ಬಂದ ದೊಡ್ಡಪ್ಪನ ಕಿವಿಗೆ ಅದೇ ಹಾಡು ಬಿತ್ತು.

"ಯಾವನ ಸಲುವಾಗಿ ಬೇ ಇದು?"

"ಅವ್ವನ ನೆನಪ ಬರ್ತದ, ದೊಡ್ಡಪ್ಪ."

"ಅವ್ವನ ಸಲುವಾಗಿ ಇಂಥಾ ಹಾಡು ಕೇಳ್ತಾರೇನು?"

ಅವನು ಖಾಲಾನನ್ನು ಕರೆಸಿ ಅಂಗಳದಲ್ಲೇ ನಿಲ್ಲಿಸಿದ. "ಹೇಳ್ರಿ, ಹಾಡಿನ್ಯಾಗ ಏನದ?"

"ಯಾರೋ ಹೋಗ್ಯಾರ, ಬಾಗಲಾ ತಗದು ದಾರಿ ನೋಡಾಕತ್ತಾರ. ಅಷ್ಟ ಅದ್ರಿ."

"ಹೋದವರು ಗಂಡೋ ಹೆಣ್ಣೋ?"

"ಅದು ಹಾಡಿನ್ಯಾಗ ಇಲ್ರಿ."

"ಇಲ್ಲಂದ್ರ ಗಂಡಸ ಇರಬೇಕು."

"ಅಕ್ಕ ಅವ್ವನ ಸೀರಿ ಹಿಡಕೊಂಡು ಅಳ್ತಾಳ," ಎಂದೆ ನಾನು. "ಸುಮ್ನ ಕೂಡು ಬೇ. ಇಕಿ ಕಾಲೇಜು ಸಾಕು, ಲಗ್ನ ಮಾಡಿ ಕಳಿಸೂಣು," ಎಂದ ದೊಡ್ಡಪ್ಪ. ಊಟಕ್ಕೆ ಕೂತಿದ್ದ ಅಪ್ಪ ತಟ್ಟೆಯಿಂದ ತಲೆಯೆತ್ತಲಿಲ್ಲ. ರೊಟ್ಟಿ ಮುರಿಯುತ್ತಾ, "ಅಣ್ಣ ಹೇಳ್ದಂಗ ಆಗ್ಲಿ," ಎಂದ. ಹೆಂಡತಿ ಸತ್ತು ಆರು ತಿಂಗಳಾಗಿರಲಿಲ್ಲ. ಮನೆ ಖಾಲಿಯಾದದ್ದು ಅವನಿಗೂ ಗೊತ್ತಿರಲಿಲ್ಲವೇ? ಆ ಒಂದು ಮಾತಿಗೆ ನಾನು ಅಪ್ಪನನ್ನು ಇವತ್ತಿಗೂ ಕ್ಷಮಿಸಿಲ್ಲ.

ಫೋನು ಕಸಿದುಕೊಂಡರು. ಕಾಲೇಜು ಬಿಡಿಸಿದರು. ಯುಗಾದಿಯೊಳಗೆ ಅಕ್ಕನನ್ನು ಅಫಜಲಪುರ ಕಡೆಯ ಕರಜಗಿಗೆ ಮದುವೆ ಮಾಡಿ ಕಳಿಸಿದರು. ಇಲ್ಲದ ಆ ಗಂಡಸು ಯಾರೆಂದು ಯಾರೂ ಹುಡುಕಲೂ ಇಲ್ಲ. "ಟೈಮಿಗೆ ಎಚ್ಚರಾದ್ವಿ," ಎಂದು ದೊಡ್ಡಪ್ಪ ಈಗಲೂ ಹೇಳುತ್ತಾನೆ. ಅವನ ಮನೆಯಲ್ಲಿ ನಾನು ನೀರು ಕೂಡ ಕುಡಿಯುವುದಿಲ್ಲ.

ಹೋದ ತಿಂಗಳು ಕರಜಗಿಗೆ ಹೋಗಿದ್ದೆ. ಅಕ್ಕನ ಮಗಳು ಮೊಬೈಲಿನಲ್ಲಿ ಯಾವುದೋ ಹಾಡು ಹಚ್ಚಿಕೊಂಡು, "ಅವ್ವಾ, ಇದರ ಅರ್ಥ ಏನು?" ಎಂದಳು.

ಅಕ್ಕ ಪಾತ್ರೆ ತಿಕ್ಕುತ್ತಿದ್ದವಳು ತಿರುಗಿ ನೋಡಲಿಲ್ಲ. "ಹಾಡುಗೀಡು ನನಗ ತಿಳಿಯಂಗಿಲ್ಲ. ಚಿಗವ್ವಗ ಕೇಳು."

ಒಂದೊಂದು ಮಾತಿಗೂ ಅರ್ಥ ಕೇಳುತ್ತಿದ್ದ ಹುಡುಗಿ ಅವಳಲ್ಲಿ ಎಲ್ಲೂ ಕಾಣಲಿಲ್ಲ. ಅವ್ವ ಸತ್ತಾಗ ಓಣಿಗೆ ಓಣಿಯೇ ನೆರೆದು ಅತ್ತಿತ್ತು. ಕಳೆದುಹೋದ ಆ ಹುಡುಗಿಗಾಗಿ ಯಾರೂ ಅಳಲಿಲ್ಲ.