ಅರ್ಧ ತಾಸಿನ ತಪ್ಪು

ಟ್ರಂಕಿನ ತಳದಲ್ಲಿ ನನ್ನ ಜಾತಕದ ಸುರುಳಿ ಸಿಕ್ಕಿತು. ಬಿಚ್ಚಿದೊಡನೆ ಕರ್ಪೂರದ ವಾಸನೆ ಮೂಗಿಗೆ ಬಡಿದು, ಖಾನಾಪುರದ ನಮ್ಮ ಬಾಜುಮನೆಯ ಜೋಶಿ ಕಾಕಾ ಕಣ್ಣ ಮುಂದೆ ಬಂದರು... ಇದನ್ನು ಬರೆದವರು ಅವರೇ.

ಅವರಿಗೆ ಗ್ರಹಗಳೆಂದರೆ ಮನೆಯ ಹಿರಿಯರಿದ್ದ ಹಾಗೆ. ಹಾಲು ಕುಡಿಯುವ ಕೂಸಿಗೆ ಚಂದ್ರ, ಓದುವ ವಯಸ್ಸಿಗೆ ಬುಧ, ಪ್ರಾಯಕ್ಕೆ ಶುಕ್ರ, ಮುಪ್ಪಿಗೆ ಶನಿ ಎನ್ನುತ್ತಿದ್ದರು. ನನ್ನ ಜಾತಕದಲ್ಲೂ ಆಗ ಬುಧದಶೆಯೇ ನಡೆದಿತ್ತು. ಮುಲ್ಕಿ ಪರೀಕ್ಷೆ ಪಾಸಾಗಿ ಶಿಕ್ಷಕಿಯಾಗಬೇಕೆಂದು ನನಗೆ ಹುಚ್ಚು.

ಆದರೆ ಪರೀಕ್ಷೆ ಫಾಲ್ಗುಣದಲ್ಲಿ. ಬುಧ ಮಾರ್ಗಶಿರಕ್ಕೇ ಹೊರಟಿದ್ದ. ಮುಂದೆ ಏಳು ವರ್ಷ ಮದುವೆಗೆ ಆಗಿಬರದ ಕೇತು. ಅವನು ಬರುವುದರೊಳಗೆ ಮದುವೆ ಮುಗಿಸಲೇಬೇಕೆಂದು ಅಜ್ಜಿ ಹಟ ಹಿಡಿದಳು. ಸಾಂಬ್ರಾದ ವರನೂ ಗೊತ್ತಾದ. ನಾನು ಹಿತ್ತಲಲ್ಲಿ ಕೂತು ಅತ್ತದ್ದು ಗೋಡೆಯಾಚೆ ಕಾಕಾಗೆ ಕೇಳಿಸಿರಬೇಕು.

ಮುಹೂರ್ತ ತೆಗೆಯಲು ಬಂದ ಕಾಕಾ ಸುರುಳಿ ಬಿಚ್ಚಿ, ಬೆರಳೆಣಿಸಿ, ಅಜ್ಜಿಯ ಕಡೆ ತಿರುಗಿದರು.

"ನನ್ನಿಂದ ದೊಡ್ಡ ತಪ್ಪಾಗ್ಯದ ಆಯಿ. ನಿಮ್ಮ ಮಗ ಹೇಳಿದ್ದು ಸ್ಟೇಶನ್ ಗಡಿಯಾರದ ವ್ಯಾಳ್ಯಾ. ನಾ ಊರ ವ್ಯಾಳ್ಯಾ ಅಂತ ಹಿಡದು ಬರದೀನಿ."

ಆಗ ರೈಲಿನ ಗಡಿಯಾರ ಊರಿನದಕ್ಕಿಂತ ಅರ್ಧ ತಾಸು ಮುಂದೆ. ಹುಟ್ಟಿದ ಗಳಿಗೆ ಅಷ್ಟು ಹಿಂದೆ ಸರಿದರೆ ಬುಧ ನಾಲ್ಕೂವರೆ ತಿಂಗಳು ಹೆಚ್ಚು ನಿಲ್ಲುತ್ತಾನೆ. ಕೇಳೋಣವೆಂದರೆ ಅಪ್ಪ ತೀರಿಹೋಗಿದ್ದ.

"ಹೊಟ್ಟಿಗೇನ ತಿಂತಿಯೋ ಜೋಶಿ?" ಎಂದು ಅಜ್ಜಿ ಹರಿಹಾಯ್ದಳು. ಕಾಕಾ ತಲೆ ತಗ್ಗಿಸಿಕೊಂಡೇ ಸುರುಳಿಯಲ್ಲಿ ಗಳಿಗೆ ತಿದ್ದಿದರು.

ಹೊಸ ಲೆಕ್ಕಕ್ಕೆ ಕಾಕಾ ತೆಗೆದ ಮುಹೂರ್ತದಿಂದ ಮದುವೆ ಚೈತ್ರಕ್ಕೆ ಹೋಯಿತು, ಸಾಂಬ್ರಾದವರು ಕಾಯಲಿಲ್ಲ. ನಾನು ಬೆಳಗಾವಿಗೆ ಹೋಗಿ ಪರೀಕ್ಷೆ ಬರೆದು ಪಾಸಾದೆ. ಬೇರೆ ವರ ಸಿಗುವಷ್ಟರಲ್ಲಿ ಕೇತು ಬಂದ. ಇನ್ನು ಏಳು ವರ್ಷ ಲಗ್ನದ ಮಾತೇ ಬೇಡವೆಂದು ಅಜ್ಜಿಯೇ ಅಂದಳು! ಅಷ್ಟರಲ್ಲಿ ನಾನು ಶಿಕ್ಷಕಿಯಾದೆ.

ಕಾಕಾಗೆ ಮಾತ್ರ 'ಗಳಿಗೆ ತಪ್ಪಿದ ಜೋಶಿ' ಎಂಬ ಹೆಸರು ಅಂಟಿತು. ಜನ ಜಾತಕ ಬರೆಸಲು ಬೆಳಗಾವಿಗೆ ಹೋಗತೊಡಗಿದರು. ಕೊನೆಗೆ ಅವರು ಅನಗೋಳದ ಮಗಳ ಮನೆ ಸೇರಿದರು. ನೌಕರಿ ಸಿಕ್ಕಾಗ ಅಲ್ಲಿಗೆ ಹೋಗಿ ಕಾಲಿಗೆ ಬಿದ್ದೆ.

"ಕಾಕಾ, ಖರೇನ ತಪ್ಪಾಗಿತ್ತೇನ್ರಿ?"

"ಇಲ್ಲ ತಂಗಿ. ನಿಮ್ಮಪ್ಪ ಊರ ವ್ಯಾಳ್ಯಾನ ಹೇಳಿದ್ದ. ಆಯಿ ಇರೂತನಾ ಯಾರ ಮುಂದೂ ಅನಬ್ಯಾಡ," ಎಂದು ನಕ್ಕರು. ನನಗೆ ಅಳು ತಡೆಯಲಾಗಲಿಲ್ಲ.

ಅಜ್ಜಿ ಹೋದ ಮೇಲಾದರೂ ಊರಿಗೆ ಹೇಳಬಹುದಿತ್ತು. ಇವತ್ತು, ನಾಳೆ ಎನ್ನುತ್ತ ಸುಮ್ಮನಿದ್ದೆ... ಅಷ್ಟರಲ್ಲಿ ಕಾಕಾ ಹೋದರು. ಈಗ ಖಾನಾಪುರದಲ್ಲಿ ಅವರನ್ನು ಬಲ್ಲವರೇ ಉಳಿದಿಲ್ಲ. ಅವರ ಲೆಕ್ಕ ತಪ್ಪಿರಲಿಲ್ಲ ಎಂದು ನಾನು ಯಾರಿಗೆ ಹೇಳಲಿ?